ಅಮ್ಮನಿಗೆ ಆಂಗ್ಕೋರ್ ವಾಟ್ ನೋಡಬೇಕಂತೆ. ಮಂಡಿ ನೋವು, ಸಸ್ಯಾಹಾರ, ಎಂಟು ದಿನ. ಆಗುತ್ತಾ?

ಏಳನೇ_ಮೇನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಸರಸ್ವತಿಪುರಂ. ಅಮ್ಮನಿಗೆ 64. ಕಾಶಿ, ರಾಮೇಶ್ವರ, ತಿರುಪತಿ ಬಿಟ್ಟರೆ ದೂರ ಎಲ್ಲೂ ಹೋದವರಲ್ಲ. ಅಪ್ಪ ಹೋದ ಮೇಲೆ ಬೀದಿ ಕೊನೆಯ ದೇವಸ್ಥಾನ, ತರಕಾರಿ ಅಂಗಡಿ ಅಷ್ಟೇ ಆಗಿತ್ತು. ಈಗ ಪಾಸ್‌ಪೋರ್ಟ್ ಬಂದಿದೆ. ಮೊನ್ನೆ ಅಕ್ಕ ಮತ್ತು ನಾನು ದುಬೈಯೋ ಸಿಂಗಾಪುರವೋ ಅಂತ ಜಗಳ ಆಡುತ್ತಿದ್ದೆವು. ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿದ್ದರು. ತಲೆ ಎತ್ತದೆ, "ಕಾಂಬೋಡಿಯಾದಲ್ಲಿ ಗೋಡೆ ತುಂಬ ಸಮುದ್ರಮಥನ ಕೆತ್ತಿದಾರಂತಲ್ಲ, ಅದು ತುಂಬಾ ದೂರವಾ?" ಅಂದರು. ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ವಿಷಯ ಏನಂದರೆ ಅಮ್ಮನಿಗೆ ಮಂಡಿ ನೋವು ಇದೆ. ಸಮತಟ್ಟು ಜಾಗದಲ್ಲಿ ನಡೆಯುತ್ತಾರೆ, ಇಳಿಯುವಾಗ ಕಷ್ಟ. ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರೆ, ಮೊಟ್ಟೆ ಮೀನು ವಾಸನೆಯೂ ಆಗಲ್ಲ. ನನಗೆ ಎಂಟು ದಿನ ರಜೆ ಸಿಗುತ್ತೆ. ಕಾಂಬೋಡಿಯಾ ಒಂದೇ ಸಾಕಾ, ವಿಯೆಟ್ನಾಂ ಸೇರಿಸಬಹುದಾ? ಟೂರ್ ಗುಂಪಿನ ಜೊತೆ ಹೋಗೋದಾ, ನಾವೇ ಹೋಗೋದಾ? ಹೋಗಿ ಬಂದವರು ಹೇಳಿ.

ಮದ್ದೂರ್_ವಡೆ

ಅಮ್ಮ ಬಾಯಿಬಿಟ್ಟು ಕೇಳಿದ ಮೇಲೆ ಇನ್ನೇನು ಚರ್ಚೆ ಗುರು. ಟಿಕೆಟ್ ಮಾಡು.

ಕುಕ್ಕರಹಳ್ಳಿ_ವಾಕಿಂಗ್

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನಿಮ್ಮ ತಾಯಿ ಸೋಮನಾಥಪುರ ನೋಡಿದ್ದಾರಾ? ಮೈಸೂರಿಂದ 35 ಕಿಲೋಮೀಟರ್ ಚಿಲ್ಲರೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮಲ್ಲಿ ಅರ್ಧ ಜನ ಅದನ್ನು ನೋಡಿಲ್ಲ, ಆದರೆ ಪ್ಯಾರಿಸ್ಸಿನಲ್ಲಿ ಫೋಟೋ ತೆಗೆಸಿಕೊಂಡು ಬಂದಿರುತ್ತಾರೆ. ಮನೆ ಪಕ್ಕದ್ದು ನೋಡಿ ಆಮೇಲೆ ಪರದೇಶ ನೋಡೋಣ ಅಂತ ನನ್ನ ಅಭಿಪ್ರಾಯ.

ಯಾದವಗಿರಿ_ಅತ್ತೆ

ವಾಕಿಂಗ್ ಅವರೇ, ನಮ್ಮೆಜಮಾನರು ಇದೇ ಮಾತನ್ನು ಮೂವತ್ತು ವರ್ಷ ಹೇಳಿದರು. "ಮೊದಲು ಕರ್ನಾಟಕ ನೋಡೋಣ, ಆಮೇಲೆ ಭಾರತ, ಆಮೇಲೆ ಪ್ರಪಂಚ." ಕರ್ನಾಟಕವೂ ಮುಗಿಯಲಿಲ್ಲ, ಅವರ ಮಂಡಿ ಮುಗಿಯಿತು. 64 ಅಂದರೆ ಇನ್ನೂ ಕಾಲಿದೆ. ಈಗಲೇ ಕರೆದುಕೊಂಡು ಹೋಗಪ್ಪ.

ಕುಕ್ಕರಹಳ್ಳಿ_ವಾಕಿಂಗ್

ಅತ್ತೆ, ಒಪ್ಪಿದೆ. ಆದರೂ ಸೋಮನಾಥಪುರ ಸೋಮನಾಥಪುರವೇ.

ಕಲ್ಲುಕುಟಿಗ

ಇಲ್ಲಿ ಅದಾ ಇದಾ ಅನ್ನೋ ಜಗಳವೇ ಬೇಡ. ಎರಡೂ ಒಂದೇ ಕಾಲದ ಕಥೆ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117. ಅಲ್ಲಿ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113. ಆಂಗ್ಕೋರ್ ವಾಟ್ ಕಟ್ಟಿಸಿದವನು ಅವನೇ, ಅದೂ ವಿಷ್ಣುವಿಗೆ. ಅಂದರೆ ಬೇಲೂರಿನಲ್ಲಿ ಮದನಿಕೆಗೆ ಉಗುರು ಕೆತ್ತುತ್ತಿದ್ದ ಹೊತ್ತಿಗೆ ಅಲ್ಲಿ ಅಗಳು ತೋಡುತ್ತಿದ್ದರು.

ಅಳತೆಯಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಆಂಗ್ಕೋರ್ ಸುತ್ತ ಇರುವ ಕಂದಕದ ಅಗಲವೇ 190 ಮೀಟರ್. ನಡುವಿನ ಗೋಪುರ ನೆಲದಿಂದ 65 ಮೀಟರ್. ನಮ್ಮದು ಬಳಪದ ಕಲ್ಲು, ಕೆತ್ತುವಾಗ ಮೆದು, ಆಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಆಭರಣದ ಕೊಂಡಿಯನ್ನೂ ಬಿಡಿಸಿದ್ದಾರೆ. ಅವರದು ಮರಳುಗಲ್ಲು. ಆಳವಾಗಿ ಕೆತ್ತಿಲ್ಲ, ಗೋಡೆಯ ಮೇಲೆ ತೆಳ್ಳಗೆ ಹರಡಿದ್ದಾರೆ. ಹತ್ತಿರ ನಿಂತು ನೋಡೋದು ನಮ್ಮದು, ನಡೆಯುತ್ತಾ ನೋಡೋದು ಅವರದು.

ನಿಮ್ಮ ಅಮ್ಮ ಕೇಳಿದ ಸಮುದ್ರಮಥನ ಪೂರ್ವದ ಮೊಗಸಾಲೆಯಲ್ಲಿದೆ. ಉದ್ದ ಸುಮಾರು 49 ಮೀಟರ್. ವಾಸುಕಿಯ ತಲೆ ಕಡೆ 92 ಅಸುರರು, ಬಾಲದ ಕಡೆ 88 ದೇವತೆಗಳು, ಮಧ್ಯೆ ವಿಷ್ಣು, ಕೆಳಗೆ ಆಮೆ. ಬಾಲದ ತುದಿ ಹಿಡಿದು ಎಳೆಯುತ್ತಾ ನಿಂತಿರುವುದು ಒಂದು ಕಪಿ. ಹನುಮಂತ ಅಂತಾರೆ.

ಮೇಲುಕೋಟೆ_ಪುಳಿಯೋಗರೆ

ಸಮುದ್ರಮಥನದಲ್ಲಿ ಹನುಮಂತ ಎಲ್ಲಿಂದ ಬಂದ ಸ್ವಾಮಿ? ಆ ಯುಗಕ್ಕೆ ಅವನು ಹುಟ್ಟೇ ಇರಲಿಲ್ಲ.

ಕಲ್ಲುಕುಟಿಗ

ಅದನ್ನು ಸೂರ್ಯವರ್ಮನನ್ನೇ ಕೇಳಬೇಕು. ಕೆಲವರು ಅದು ಸುಗ್ರೀವ ಅಂತಲೂ ಹೇಳುತ್ತಾರೆ.

ಮೇಲುಕೋಟೆ_ಪುಳಿಯೋಗರೆ

ಸುಗ್ರೀವನೂ ಇರಲಿಲ್ಲ!

ಬ್ಯಾಗ್‌ಪ್ಯಾಕ್_ಬಸವ

ನಾನು ಎರಡು ಸಲ ಹೋಗಿದ್ದೇನೆ. ಕೆಲಸಕ್ಕೆ ಬರೋದು ಹೇಳ್ತೀನಿ.

ಊರಿನ ಹೆಸರು ಸಿಯೆಮ್ ರೀಪ್. ಬೆಂಗಳೂರಿಂದ ಬ್ಯಾಂಕಾಕ್, ಸಿಂಗಾಪುರ ಅಥವಾ ಕೌಲಾಲಂಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. 2023ರ ಅಕ್ಟೋಬರ್‌ನಿಂದ ಹೊಸ ವಿಮಾನ ನಿಲ್ದಾಣ. ಊರಿಂದ ದೂರ, ಮುಕ್ಕಾಲು ಗಂಟೆ ಮೇಲೆ ಬೇಕು. ಹೋಟೆಲಿನವರಿಗೆ ಮೊದಲೇ ಹೇಳಿದರೆ ಕಾರು ಕಳಿಸುತ್ತಾರೆ. ವೀಸಾ ಆನ್‌ಲೈನಲ್ಲೇ ಆಗುತ್ತೆ, ಆದರೆ ಸರ್ಕಾರದ ಜಾಲತಾಣದಲ್ಲೇ ಮಾಡಿ. ಅದೇ ಥರ ಕಾಣುವ ದುಬಾರಿ ನಕಲಿಗಳು ತುಂಬಾ ಇವೆ. ಇಳಿಯುವ ಮುಂಚಿನ ಏಳು ದಿನದೊಳಗೆ ಇ-ಅರೈವಲ್ ಅಂತ ಒಂದು ಫಾರಂ ತುಂಬಬೇಕು, ಅದಕ್ಕೆ ದುಡ್ಡಿಲ್ಲ.

ದೇವಸ್ಥಾನಗಳಿಗೆಲ್ಲ ಸೇರಿ ಒಂದೇ ಪಾಸ್. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದು ತಗೊಳ್ಳಿ. ಸತತ ಮೂರು ದಿನ ಹೋಗಬೇಕಿಲ್ಲ, ಹತ್ತು ದಿನದೊಳಗೆ ಯಾವಾಗಲಾದರೂ ಮೂರು ದಿನ. ಅಮ್ಮನಿಗೆ ಮಧ್ಯೆ ಒಂದು ದಿನ ರೆಸ್ಟ್ ಕೊಡಬಹುದು. ಕೌಂಟರಿನಲ್ಲಿ ನಿಲ್ಲಿಸಿ ಫೋಟೋ ತೆಗೆದು ಪಾಸಿನ ಮೇಲೆ ಹಾಕುತ್ತಾರೆ, ಹಾಗಾಗಿ ಒಬ್ಬರ ಪಾಸಲ್ಲಿ ಇನ್ನೊಬ್ಬರು ಹೋಗೋ ನಮ್ಮೂರ ಐಡಿಯಾ ನಡೆಯಲ್ಲ. ಸಂಜೆ ಸುಮಾರು 5ರ ಮೇಲೆ ತಗೊಂಡರೆ ನಾಳೆಯಿಂದ ಲೆಕ್ಕ, ಅವತ್ತಿನ ಸೂರ್ಯಾಸ್ತ ಪುಕ್ಕಟೆ.

ಅಲ್ಲಿ ಡಾಲರ್ ನಡೆಯುತ್ತೆ. ಆದರೆ ನೋಟು ಮಡಚಿದ್ದು, ಅಂಚು ಹರಿದಿದ್ದು ಯಾರೂ ಮುಟ್ಟಲ್ಲ. ಕೂದಲೆಳೆಯಷ್ಟು ಹರಿದ 20ರ ನೋಟನ್ನು ಎಳನೀರಿನ ಅಂಗಡಿ ಅಜ್ಜಿ ಬಿಸಿಲಿಗೆ ಹಿಡಿದು ನೋಡಿ, ನಕ್ಕು ನನ್ನ ಕೈಗೇ ವಾಪಸ್ ಇಟ್ಟರು. ಚಿಲ್ಲರೆ ಮಾತ್ರ ಅವರ ರಿಯೆಲ್‌ನಲ್ಲೇ ಬರುತ್ತೆ, ಡಾಲರಿಗೆ ಹತ್ತಿರ ಹತ್ತಿರ 4000. ಎರಡು ದಿನದಲ್ಲಿ ಜೇಬು ಊದಿಕೊಳ್ಳುತ್ತೆ.

ದುಡ್ಡು ಉಳಿಸಬೇಕಾ? ಬ್ಯಾಂಕಾಕ್‌ಗೆ ಅಗ್ಗದ ವಿಮಾನ ಹಿಡಿದು ಅಲ್ಲಿಂದ ಬಸ್ಸಲ್ಲಿ ಗಡಿ ದಾಟಿ ಹೋಗಿ. ನಾನು ಹಾಗೇ ಹೋಗಿದ್ದು.

ರಿಂಗ್‌ರೋಡ್_ರಮಣಿ

ಬಸವ, ನೀವು ಹೋಗಿದ್ದು ಯಾವ ಕಾಲದಲ್ಲಿ? 2025ರಲ್ಲಿ ಥಾಯ್ಲೆಂಡ್ ಕಾಂಬೋಡಿಯಾ ಮಧ್ಯೆ ಗಡಿ ಗಲಾಟೆ ಆಗಿ, ಜುಲೈನಲ್ಲಿ ಗುಂಡೇ ಹಾರಿತು. ರಸ್ತೆ ಗಡಿ ಮುಚ್ಚಿದರು. ದಯವಿಟ್ಟು 64ರ ತಾಯಿಗೆ ಬಸ್ಸಲ್ಲಿ ಗಡಿ ದಾಟಿ ಅಂತ ಹೇಳಬೇಡಿ.

ಬ್ಯಾಗ್‌ಪ್ಯಾಕ್_ಬಸವ

ಸರಿ ಸರಿ, ತಪ್ಪಾಯ್ತು. ನಾನು ಹೋಗಿದ್ದು 2017 ಮತ್ತು 2019. ಬಸ್ಸಿನ ಮಾತು ವಾಪಸ್. ಸಿಂಗಾಪುರದ ಮೇಲೆ ಹೋಗಿ. ಟಿಕೆಟ್ ಮಾಡೋ ಮುಂಚೆ ವಾರಗಟ್ಟಲೆ ಸುದ್ದಿ ನೋಡಿ, ಬದಲಾಯಿಸಲು ಆಗುವಂಥ ಟಿಕೆಟ್ಟೇ ತಗೊಳ್ಳಿ.

ಮಂಡಿನೋವು_ಕ್ಲಬ್

ನಾನು ಫಿಸಿಯೋಥೆರಪಿಸ್ಟ್, ನನಗೂ ಮಂಡಿ ನೋವು ಇದೆ. ನಗಬೇಡಿ.

ಅಲ್ಲಿಗೆ ಹೋಗಿ ಬಂದಿದ್ದೇನೆ. ನಿಮ್ಮ ಅಮ್ಮನಿಗೆ ಬೇಕಾದ ಕೆತ್ತನೆ ಎಲ್ಲ ಕೆಳಗಿನ ಅಂತಸ್ತಿನ ಸುತ್ತು ಮೊಗಸಾಲೆಯಲ್ಲೇ ಇದೆ. ಅಲ್ಲಿಗೆ ಒಂದಷ್ಟು ಮೆಟ್ಟಿಲು ಹತ್ತಬೇಕು. ಎಷ್ಟೋ ಕಡೆ ಹಳೇ ಕಲ್ಲಿನ ಮೇಲೆ ಮರದ ಮೆಟ್ಟಿಲು ಕೂರಿಸಿದ್ದಾರೆ. ಒಳಗೆ ಸೇರಿದ ಮೇಲೆ ಮಟ್ಟಸ ನೆಲ, ತಲೆ ಮೇಲೆ ನೆರಳು. ಮೂರನೇ ಅಂತಸ್ತು ಮಾತ್ರ ಮರೆತುಬಿಡಿ. ಅದು ಮೆಟ್ಟಿಲಲ್ಲ, ಏಣಿ. ಹತ್ತೋದು ಹೇಗೋ ಹತ್ತಬಹುದು, ಇಳಿಯುವಾಗ ಮಂಡಿ ಚಿಪ್ಪು ಕಳಚಿ ಬಂದ ಹಾಗೆ ಆಗುತ್ತೆ. ಬೌದ್ಧರ ಪವಿತ್ರ ದಿನಗಳಲ್ಲಿ ಅದನ್ನು ಮುಚ್ಚಿರುತ್ತಾರೆ ಕೂಡ. ಅಂಥ ದಿನ ಹೋಗಿ, ಅಮ್ಮನಿಗೂ ಬೇಜಾರಿಲ್ಲ.

ಇನ್ನೊಂದು. ಎಲ್ಲರೂ ಪಶ್ಚಿಮದ ಮುಖ್ಯ ದಾರಿಯಲ್ಲಿ ಹೋಗುತ್ತಾರೆ. ಕಂದಕ ದಾಟಿ, ಬಯಲು ದಾಟಿ ಉದ್ದಕ್ಕೂ ಬಿಸಿಲು. ಟುಕ್‌ಟುಕ್‌ನವನಿಗೆ ಪೂರ್ವದ ಬಾಗಿಲಿಗೆ ಬಿಡು ಅನ್ನಿ. ಮಣ್ಣಿನ ದಾರಿ, ಮರದ ನೆರಳು, ಜನ ಕಮ್ಮಿ, ಸಮುದ್ರಮಥನ ಹತ್ತಿರ. ಬೆಳಗಿನ ಬೆಳಕು ಕೂಡ ಆ ಗೋಡೆಗೇ ಬೀಳೋದು.

ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಅಲ್ಲ ಮತ್ತೆ! ಎಲ್ಲಾದರೂ ಎರಡು ಗಂಟೆ ಕಲ್ಲಿನ ನೆಲದಲ್ಲಿ ನಿಂತು, ನಡೆದು, ಕೂತು ಎದ್ದು ನೋಡಲಿ. ಮಾರನೇ ದಿನ ಹೇಗಿರುತ್ತಾರೆ ನೋಡಿ.

ಕುಕ್ಕರಹಳ್ಳಿ_ವಾಕಿಂಗ್

ಸೋಮನಾಥಪುರ!! ನಾನು ಮೊದಲೇ ಹೇಳಲಿಲ್ವಾ.

ಮದ್ದೂರ್_ವಡೆ

ಗೆದ್ದುಬಿಟ್ಟರು ಸಾಹೇಬರು.

ನಂಜನಗೂಡು_ರಸಬಾಳೆ

ಕಾಂಬೋಡಿಯಾ ಯಾಕೆ, ನೇಪಾಳಕ್ಕೆ ಕರೆದುಕೊಂಡು ಹೋಗಿ. ಪಾಸ್‌ಪೋರ್ಟೂ ಬೇಡ, ವೋಟರ್ ಕಾರ್ಡ್ ಸಾಕು. ಪಶುಪತಿನಾಥನ ಮುಖ್ಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು, ಹಿಂದಿನಿಂದ ಬಂದ ಪದ್ಧತಿ. ನಮ್ಮತ್ತೆ ಅಲ್ಲಿ ಕನ್ನಡ ಕಿವಿಗೆ ಬಿದ್ದಿದ್ದೇ ತಡ, ಗರ್ಭಗುಡಿ ಮುಂದೆಯೇ "ನಿಮ್ಮ ಕಡೆ ಮಳೆ ಹೇಗೆ" ಅಂತ ಶುರು ಮಾಡಿದರು. ಹಿಂದೆ ಕ್ಯೂ ಬೈತಾ ಇತ್ತು. ಅನ್ನ, ಬೇಳೆ, ಸೊಪ್ಪು ಎಲ್ಲ ಕಡೆ ಸಿಗುತ್ತೆ. ಭಕ್ತಪುರದ ಮರದ ಕೆತ್ತನೆ ನೋಡಿದರೆ ಬಿಟ್ಟು ಬರೋಕೆ ಮನಸ್ಸಾಗಲ್ಲ. 2015ರ ಭೂಕಂಪದಲ್ಲಿ ಬಿದ್ದಿದ್ದನ್ನೂ ಎಷ್ಟೋ ಕಟ್ಟಿ ನಿಲ್ಲಿಸಿದ್ದಾರೆ.

ಏಳನೇ_ಮೇನ್

ರಸಬಾಳೆ ಅವರೇ, ಅಮ್ಮನಿಗೆ ಓದಿ ಹೇಳಿದೆ. "ಪಾಸ್‌ಪೋರ್ಟ್ ಮಾಡಿಸಿದ್ದು ಯಾಕೆ ಹಾಗಾದ್ರೆ?" ಅಂದರು. ಅದರಲ್ಲಿ ಒಂದು ಸೀಲಾದರೂ ಬೀಳಬೇಕಂತೆ.

ಯಾದವಗಿರಿ_ಅತ್ತೆ

ನಿಮ್ಮಮ್ಮನ ನಂಬರ್ ಕೊಡಿ ಅಂತ ಕೇಳೋ ಹಾಗಿದೆ ನನಗೆ.

ಟೂರ್ ಗುಂಪಿನ ವಿಷಯ ಹೇಳ್ತೀನಿ. ನಾವು 2018ರಲ್ಲಿ ಒಂದು ಟೂರ್ ಕಂಪನಿಯ ಜೊತೆ ಯೂರೋಪಿಗೆ ಹೋದೆವು. ಹೆಸರು ಬೇಡ. 12 ದಿನ, 7 ದೇಶ. ಊಟಕ್ಕೆ ತೊಂದರೆ ಇರಲಿಲ್ಲ, ರಾತ್ರಿ ಬಿಸಿಬಿಸಿ ಸಾರು ಅನ್ನ. ಅಷ್ಟೇ ಪುಣ್ಯ. ರೋಮ್‌ನಲ್ಲಿ ಕೊಲೊಸಿಯಂ ಮುಂದೆ ಬಸ್ ನಿಲ್ಲಿಸಿ "ಫೋಟೋ ಸ್ಟಾಪ್, ಹದಿನೈದು ನಿಮಿಷ" ಅಂದರು. ಆ ಹದಿನೈದರಲ್ಲಿ ಹತ್ತು ನಿಮಿಷ ಟಾಯ್ಲೆಟ್ ಹುಡುಕಿದೆವು. ಕ್ರಿಸ್ತಶಕ 80ರಲ್ಲಿ ಶುರುವಾದ ಕಟ್ಟಡ, ಸಾವಿರದ ಒಂಬೈನೂರು ವರ್ಷ ಕಾದು ನಿಂತಿದೆ. ನನಗೆ ಐದು ನಿಮಿಷ. ಒಳಗೆ ಟಿಕೆಟ್ ಸೇರಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅದು ಕರಪತ್ರದ ಹಿಂದೆ ಸಣ್ಣಕ್ಷರದಲ್ಲಿತ್ತು.

ಕೊನೆಗೆ ಲಂಡನ್‌ನಲ್ಲಿ ಮಗಳ ಮನೆಯಲ್ಲಿ ಉಳಿದುಕೊಂಡೆವು. ಅಲ್ಲಿ ನಾನೇ ಬಸ್ಸು ಹತ್ತಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆ. ಒಳಗೆ ಹೋಗಲು ದುಡ್ಡಿಲ್ಲ. ಟಿಪ್ಪು ಹುಲಿ ಇದೆಯಲ್ಲ, ಮರದ್ದು, ಬಿಳಿ ಸೋಲ್ಜರ್ ಮೇಲೆ ಬಿದ್ದಿರೋದು, ಅದು ಗಾಜಿನ ಪೆಟ್ಟಿಗೆಯಲ್ಲಿ. ಪಕ್ಕದಲ್ಲಿ ಹಿಡಿ ಇದೆ. ತಿರುಗಿಸಿದರೆ ಹುಲಿ ಗುರುಗುಟ್ಟಿ ಆ ಮನುಷ್ಯ ಕೈ ಎತ್ತಿ ನರಳುತ್ತಾನಂತೆ. ಹೊಟ್ಟೆಯೊಳಗೆ ಆರ್ಗನ್ ಇದೆ. ಮನೆಯಿಂದ ಅರ್ಧ ಗಂಟೆ ದೂರದ ಶ್ರೀರಂಗಪಟ್ಟಣದ ವಸ್ತು ನೋಡಲು ನಾನು ಲಂಡನ್‌ಗೆ ಹೋಗಬೇಕಾಯ್ತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಯಾರೂ "ಫೋಟೋ ಸ್ಟಾಪ್" ಅನ್ನಲಿಲ್ಲ.

ವಿಸಿ_ನಾಲೆ

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ದೋಚಿದ್ದು ಅದು. ಹುಲಿ ಒಂದೇ ಅಲ್ಲ. ಟಿಪ್ಪುವಿನ ಡೇರೆ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ, ಹೂವಿನ ಚಿತ್ತಾರದ ಹತ್ತಿ ಬಟ್ಟೆಯದು. ವಾಪಸ್ ತರಬೇಕು ಅನ್ನೋದು ನನ್ನ ವಾದ.

ರಿಂಗ್‌ರೋಡ್_ರಮಣಿ

ತಂದು ಎಲ್ಲಿಡ್ತೀರಾ ಅಣ್ಣ? ಕೋಟೆ ಗೋಡೆ ಮೇಲೆ ಆಲದ ಸಸಿ ಬೆಳೆದು ನಿಂತಿದೆ, ಕೀಳೋರಿಲ್ಲ.

ವಿಸಿ_ನಾಲೆ

ಗೋಡೆ ಸರಿ ಇಲ್ಲ ಅಂತ ಕಳ್ಳನ ಹತ್ತಿರವೇ ಸಾಮಾನು ಬಿಡೋದಾ? ಚೆನ್ನಾಗಿದೆ ನ್ಯಾಯ.

ಮದ್ದೂರ್_ವಡೆ

ಟಿಪ್ಪು ಹೆಸರು ಬಂತು, ಇನ್ನು ಇನ್ನೂರು ಪೋಸ್ಟ್ ಗ್ಯಾರಂಟಿ. ದಯವಿಟ್ಟು ಅಮ್ಮನ ಮಂಡಿಗೆ ವಾಪಸ್ ಬನ್ನಿ.

ವಿಸಿ_ನಾಲೆ

ಬರ್ತೀನಿ, ಒಂದೇ ನಿಮಿಷ. ಪ್ರಪಂಚದಲ್ಲಿ ಒಂದೇ ಜಾಗ ನೋಡೋಕೆ ಅವಕಾಶ ಇದ್ದರೆ ನಾನು ಹೇಳೋದು ಈಜಿಪ್ಟಿನ ಅಬು ಸಿಂಬೆಲ್. ಯಾಕೆ ಅಂತ ಕೇಳಿ.

ನಮ್ಮಜ್ಜನದು ಹಳೇ ಕನ್ನಂಬಾಡಿ ಪಕ್ಕದ ಊರು. ಕಟ್ಟೆ ಕೆಲಸ 1911ರಲ್ಲಿ ಶುರುವಾಯ್ತು, ಊರು ಮುಳುಗಿತು. ಊರಿನ ಜೊತೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ. ನಾನು ಚಿಕ್ಕವನಿದ್ದಾಗ ಬರಗಾಲ ಬಂದರೆ ಮನೆಯಲ್ಲಿ ಎರಡು ಮಾತು. ಒಂದು, ಭತ್ತ ಹೋಯ್ತು. ಇನ್ನೊಂದು, ದೇವಸ್ಥಾನ ಕಾಣ್ತಾ ಇದೆ. ಅಜ್ಜ ಕೆಸರಲ್ಲಿ ಪಂಚೆ ಎತ್ತಿಕಟ್ಟಿ ನಡೆದು ಹೋಗಿ ಕಂಬ ಮುಟ್ಟಿ ಬರೋರು. ಆಮೇಲೆ ಆ ಕಲ್ಲುಗಳನ್ನು ಬಿಚ್ಚಿ, ನಂಬರ್ ಹಾಕಿ, ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಅಜ್ಜ ಅದನ್ನು ನೋಡಲಿಲ್ಲ.

ಅಬು ಸಿಂಬೆಲ್ ಕಥೆಯೂ ಅದೇ. ಅಸ್ವಾನ್ ದೊಡ್ಡ ಕಟ್ಟೆ ಬಂತು, ಎರಡನೇ ರಾಮ್ಸೆಸ್ ಬೆಟ್ಟದಲ್ಲಿ ಕೊರೆಸಿದ ಗುಡಿ ಮುಳುಗೋದರಲ್ಲಿತ್ತು. 1964ರಿಂದ 1968ರವರೆಗೆ ಬೆಟ್ಟವನ್ನೇ ಗರಗಸದಲ್ಲಿ ಕೊಯ್ದು, ಒಂದೊಂದು ತುಂಡು ಇಪ್ಪತ್ತು ಮೂವತ್ತು ಟನ್, 65 ಮೀಟರ್ ಮೇಲಕ್ಕೆ ಸಾಗಿಸಿ ಕೂಡಿಸಿದರು. ವರ್ಷಕ್ಕೆ ಎರಡು ಸಲ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸು, ಬೆಳಗಿನ ಸೂರ್ಯ ಗರ್ಭಗುಡಿ ಒಳಗಿನವರೆಗೂ ಬೀಳುತ್ತೆ. ನಾನು ಹೋದಾಗ ಗೈಡ್ ಆ ಕಲ್ಲಿನ ಸಂದು ತೋರಿಸಿದ. ಬೆರಳು ಹೋಗಲ್ಲ. ನಮ್ಮಜ್ಜನ ನೆನಪಾಗಿ ಕಣ್ಣಲ್ಲಿ ನೀರು ಬಂತು. ಗೈಡ್ ಧೂಳು ಹೋಯ್ತೇನೋ ಅಂತ ಟಿಶ್ಯೂ ಕೊಟ್ಟ. ಆಮೇಲೆ ಅದಕ್ಕೂ ಟಿಪ್ಸ್ ಕೇಳಿದ, ಅದು ಬೇರೆ ವಿಷಯ.

ಮದ್ದೂರ್_ವಡೆ

ಅಣ್ಣ, ಇದನ್ನು ಮೊದಲೇ ಹೇಳಬಾರದಿತ್ತಾ. ನಾನು ಕಾಲೆಳೆದಿದ್ದು ವಾಪಸ್.

ಕಲ್ಲುಕುಟಿಗ

ವಿಸಿ ನಾಲೆ, ಚೆನ್ನಾಗಿ ಬರೆದಿರಿ.

ಬಿಚ್ಚಿ ಜೋಡಿಸೋ ಮಾತು ಬಂದಿದ್ದಕ್ಕೆ ಹೇಳ್ತೀನಿ. ಆಂಗ್ಕೋರ್‌ನಲ್ಲಿ ಎಲ್ಲಾ ಫ್ರೆಂಚರೇ ಮಾಡಿದ್ದು ಅಂತ ಜನ ಅಂದುಕೊಂಡಿದ್ದಾರೆ. ನಮ್ಮ ಪುರಾತತ್ವ ಇಲಾಖೆಯವರು 1986ರಿಂದ 1993ರವರೆಗೆ ಆಂಗ್ಕೋರ್ ವಾಟ್‌ನಲ್ಲಿ ಕೆಲಸ ಮಾಡಿದ್ದಾರೆ. ಅಲ್ಲಿ ಇನ್ನೂ ಅಂತರ್ಯುದ್ಧದ ಬಿಸಿ ಇದ್ದ ಕಾಲ ಅದು. ಆಮೇಲೆ ಮರದ ಬೇರು ಸುತ್ತಿಕೊಂಡ ತಾ ಪ್ರೋಮ್‌ನಲ್ಲೂ ಕೈ ಹಾಕಿದರು. ಅಲ್ಲಿ ತಮಾಷೆ ಏನಂದರೆ ಮರ ತೆಗೆದರೆ ಗೋಡೆ ಬೀಳುತ್ತೆ, ಬಿಟ್ಟರೂ ಬೀಳುತ್ತೆ.

ಆ ತಾ ಪ್ರೋಮ್ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು, ಏಳನೇ ಮೇನ್ ಅವರೇ. ಏಳನೇ ಜಯವರ್ಮ 1186ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಒಳಗಿನ ಮುಖ್ಯ ವಿಗ್ರಹ ಬೌದ್ಧರ ಜ್ಞಾನದೇವತೆ ಪ್ರಜ್ಞಾಪಾರಮಿತೆ, ಅದಕ್ಕೆ ತನ್ನ ತಾಯಿಯ ಮುಖ ಕೊಟ್ಟ. ಅವನು ತಾಯಿಗೆ ದೇವಸ್ಥಾನವನ್ನೇ ಕಟ್ಟಿಸಿದ, ನಿಮಗೆ ಟಿಕೆಟ್ ಖರ್ಚು ಮಾತ್ರ.

ಏಳನೇ_ಮೇನ್

ಈ ಕೊನೆಯ ಸಾಲು ಅಮ್ಮನಿಗೆ ಓದಿ ಹೇಳಲ್ಲ. ಬಜೆಟ್ ಏರುತ್ತೆ.

ಹೆಬ್ಬಾಳ್_ಇಂಜಿನಿಯರ್

ವಿಯೆಟ್ನಾಂ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹೋಯ್ ಆನ್ ಊರು, ಅದರ ಪಕ್ಕ ಮಿ ಸನ್ ಅಂತ ಚಾಮ್ ರಾಜರ ಶಿವಾಲಯಗಳು. ಇಟ್ಟಿಗೆಯವು. ಅಮೆರಿಕದ ಬಾಂಬಿಗೆ ಅರ್ಧ ಹೋಗಿದೆ. 2020ರಲ್ಲಿ ನಮ್ಮ ಪುರಾತತ್ವದವರೇ ದುರಸ್ತಿ ಮಾಡುವಾಗ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಎಂಟು ದಿನಕ್ಕೆ ಎರಡೂ ಹಾಕಬಹುದು. ನಾವು ಮಾಡಿದೆವು.

ಮಂಡಿನೋವು_ಕ್ಲಬ್

ನಿಮಗೆ ವಯಸ್ಸೆಷ್ಟು?

ಹೆಬ್ಬಾಳ್_ಇಂಜಿನಿಯರ್

29.

ಮಂಡಿನೋವು_ಕ್ಲಬ್

ಸರಿ. ಅಮ್ಮನಿಗೆ ಬೇಡ. ಒಂದೇ ಊರು, ಒಂದೇ ಹೋಟೆಲು, ಪೆಟ್ಟಿಗೆ ಒಂದೇ ಸಲ ಬಿಚ್ಚಬೇಕು.

ಮೇಲುಕೋಟೆ_ಪುಳಿಯೋಗರೆ

ಊಟದ ವಿಷಯಕ್ಕೆ ಬರೋಣ. ನಮ್ಮ ದೊಡ್ಡಮ್ಮ ಹೋಗಿ ಬಂದಿದ್ದಾರೆ. ಅಲ್ಲಿ ಮೀನಿನ ಸಾಸ್ ಎಲ್ಲದಕ್ಕೂ ಹಾಕುತ್ತಾರೆ. ತರಕಾರಿ ಪಲ್ಯ ಅಂತ ತಂದರೂ ಅದರಲ್ಲಿ ಇರುತ್ತೆ. "ಪ್ರಹೊಕ್" ಅಂತ ಮೀನು ಹುಳಿಸಿದ್ದೊಂದಿದೆ, ಅದರ ವಾಸನೆ ಬಂದರೆ ಅಮ್ಮ ಅಲ್ಲಿಂದಲೇ ವಾಪಸ್ ಹೊರಡುತ್ತಾರೆ. ಬರೀ "ವೆಜ್" ಅಂದರೆ ಸಾಲದು. ಮೀನು ಸಾಸ್ ಬೇಡ, ಮೊಟ್ಟೆ ಬೇಡ ಅಂತ ಅವರ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಂಡು ತೋರಿಸಿ, ಹೋಟೆಲಿನವರು ಬರೆದುಕೊಡುತ್ತಾರೆ. ಊರಿನ ಮಧ್ಯೆ ಇಂಡಿಯನ್ ಹೋಟೆಲುಗಳಿವೆ. ರಾತ್ರಿ ಊಟ ಅಲ್ಲಿ.

ಮಧ್ಯಾಹ್ನಕ್ಕೆ ಮನೆಯದೇ. ಗೊಜ್ಜವಲಕ್ಕಿ ಮಾಡಿಕೊಳ್ಳಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆ ಹಾಗೆ ಒಂದೇ ಸುತ್ತು ಮಾಡಿ, ಹುರಿದ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಒಣಗಿದ್ದೇ ಕಲಸಿ ಡಬ್ಬಿಗೆ ಹಾಕಿ. ಹುಣಸೆಹಣ್ಣು ಬೆಲ್ಲದ ಗೊಜ್ಜನ್ನು ಬೇರೆ ಕುದಿಸಿ ಗಟ್ಟಿ ಮಾಡಿ. ಅಲ್ಲಿ ಬಿಸಿನೀರಿಗೆ ಗೊಜ್ಜು ಕರಗಿಸಿ ಅವಲಕ್ಕಿಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಗೊಜ್ಜು ಚೆಕ್-ಇನ್ ಪೆಟ್ಟಿಗೆಯಲ್ಲಿ ಇರಲಿ. ಕೈಚೀಲದಲ್ಲಿ ಇಟ್ಟರೆ ಸೆಕ್ಯೂರಿಟಿಯವರು ಎಸೆಯುತ್ತಾರೆ. ನಮ್ಮ ದೊಡ್ಡಮ್ಮನ ಒಂದು ಕೆಜಿ ಪುಳಿಯೋಗರೆ ಗೊಜ್ಜು ಹಾಗೇ ಕಸದಬುಟ್ಟಿ ಸೇರಿತು. ಮೇಲುಕೋಟೆಯವರ ಗೊಜ್ಜು ಕಸದಬುಟ್ಟಿಗೆ!

ನಂಜನಗೂಡು_ರಸಬಾಳೆ

ಮಿಕ್ಸಿಯಲ್ಲಿ ಪುಡಿ ಮಾಡಿದ್ದು ಗೊಜ್ಜವಲಕ್ಕಿಯಲ್ಲ, ಹುಳಿಯವಲಕ್ಕಿ.

ಮೇಲುಕೋಟೆ_ಪುಳಿಯೋಗರೆ

ನಮ್ಮಲ್ಲಿ ಎರಡೂ ಒಂದೇ.

ನಂಜನಗೂಡು_ರಸಬಾಳೆ

ಒಂದೇ ಅಲ್ಲ.

ಕಲ್ಲುಕುಟಿಗ

ಇದಕ್ಕಿಂತ ಹನುಮಂತನ ಜಗಳವೇ ವಾಸಿ ಇತ್ತು.

ಏಳನೇ_ಮೇನ್

ಎಲ್ಲರಿಗೂ ವರದಿ. ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊರಟು ಸೋಮನಾಥಪುರಕ್ಕೆ ಹೋಗಿದ್ದೆವು. ಬನ್ನೂರಿನಲ್ಲಿ ಕಾಫಿ. ಒಂಬತ್ತಕ್ಕೆ ಒಳಗೆ.

ಅಮ್ಮನಿಗೆ ಸಾಕ್ಸ್ ಹಾಕಿಸಿದ್ದೆ, ಹತ್ತು ಗಂಟೆ ಮೇಲೆ ಅಂಗಳದ ಕಲ್ಲು ಕಾಯುತ್ತೆ. ಜಗತಿಯ ಮೇಲೆ ನಿಧಾನಕ್ಕೆ ಒಂದು ಸುತ್ತು. ದಕ್ಷಿಣದ ಕಡೆ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ನಾನು ಫೋನಲ್ಲಿ ಓದಿ ಹೇಳೋಕೆ ಹೋದರೆ, "ನೀನು ಸುಮ್ನಿರು, ನನಗೆ ಗೊತ್ತಾಗುತ್ತೆ" ಅಂತ ಅವರೇ ನನಗೆ ಹೇಳುತ್ತಾ ಹೋದರು. ಒಂದು ವಿಗ್ರಹದ ಕೆಳಗೆ ಮಲ್ಲಿತಮ್ಮ ಅಂತ ಶಿಲ್ಪಿಯ ಹೆಸರಿದೆ ಅಂದಾಗ ಮಾತ್ರ ಬಗ್ಗಿ ಆ ಅಕ್ಷರದ ಮೇಲೆ ಗಾಳಿಯಲ್ಲೇ ಬೆರಳಾಡಿಸಿದರು. 1258ರಲ್ಲಿ ಮುಗಿದ ಗುಡಿ, ಹೆಸರು ಇನ್ನೂ ಇದೆ.

ಒಳಗೆ ಚಾವಣಿ ನೋಡಿದ್ದೀರಾ? ಬಾಳೆಮೂತಿ ಇಳಿಬಿಟ್ಟ ಹಾಗೆ ಕೆತ್ತಿದ್ದಾರೆ. ಒಂದು ಇನ್ನೂ ಮೊಗ್ಗು, ಇನ್ನೊಂದು ಅರ್ಧ ಬಿಚ್ಚಿದೆ. ಅಮ್ಮ ಕತ್ತು ಎತ್ತಿ ಐದು ನಿಮಿಷ ನೋಡಿ, "ಇದು ಪಲ್ಯಕ್ಕೆ ಸರಿಯಾಗಿದೆ, ಅದು ಬಲಿತಿದೆ" ಅಂದರು. ಪಕ್ಕದಲ್ಲಿದ್ದ ಮಂಡ್ಯದ ಕಾಲೇಜು ಹುಡುಗಿಯರು ನಕ್ಕು ನಕ್ಕು ಸಾಕಾದರು. ಆಮೇಲೆ ಅವರಿಗೂ ಕಥೆ ಹೇಳುತ್ತಾ ಎರಡನೇ ಸುತ್ತು ಹಾಕಿದರು. ನಾನು ಎಣಿಸಿರಲಿಲ್ಲ.

ಒಟ್ಟು ಎರಡೂ ಮುಕ್ಕಾಲು ಗಂಟೆ. ಸಂಜೆ ಮಂಡಿ ಸ್ವಲ್ಪ ಊದಿತ್ತು, ಐಸ್ ಇಟ್ಟೆವು. ಸೋಮವಾರ ಬೆಳಿಗ್ಗೆ ಮಾಮೂಲಿನಂತೆ ರಂಗೋಲಿ ಹಾಕಿದರು. ಮಂಡಿ ಕ್ಲಬ್ಬಿನವರೇ, ಪಾಸಾ ಫೇಲಾ?

ಮಂಡಿನೋವು_ಕ್ಲಬ್

ಪಾಸ್. ಫಸ್ಟ್ ಕ್ಲಾಸ್ ಅಲ್ಲ, ಸೆಕೆಂಡ್ ಕ್ಲಾಸ್. ಊದಿದೆ ಅಂದರೆ ದಿನಕ್ಕೆ ಎರಡು ಗಂಟೆ ಮೀರಬೇಡಿ. ಬೆಳಿಗ್ಗೆ ಒಂದು ಗುಡಿ, ಮಧ್ಯಾಹ್ನ ಹೋಟೆಲಲ್ಲಿ ಮಲಗೋದು, ಸಂಜೆ ಬೇಕಾದರೆ ಇನ್ನೊಂದು. ಮಡಚುವ ಸಣ್ಣ ಸ್ಟೂಲ್ ತಗೊಂಡು ಹೋಗಿ. ಹೊರಡೋ ಮುಂಚೆ ನಿಮ್ಮ ಡಾಕ್ಟರಿಗೂ ಒಂದು ಮಾತು ಹೇಳಿ.

ಬ್ಯಾಗ್‌ಪ್ಯಾಕ್_ಬಸವ

ನವೆಂಬರಿಂದ ಫೆಬ್ರವರಿಯೊಳಗೆ ಹೋಗಿ. ಏಪ್ರಿಲ್‌ನಲ್ಲಿ ಹೋದರೆ ಅಲ್ಲಿನ ಸೆಖೆಗೆ ನಮ್ಮ ಮಂಡ್ಯದ ಬೇಸಿಗೆ ಊಟಿ ಅನ್ನಿಸುತ್ತೆ. ಸೂರ್ಯೋದಯಕ್ಕೆ ನಾಲ್ಕೂವರೆಗೆ ಎಬ್ಬಿಸಿ ಕೊಳದ ಮುಂದೆ ನಿಲ್ಲಿಸಬೇಡಿ. ಅಲ್ಲಿ ಕಾಣೋದು ಸೂರ್ಯ ಅಲ್ಲ, ಐನೂರು ಮೊಬೈಲ್. ಅವರೆಲ್ಲ ತಿಂಡಿಗೆ ಹೋದ ಮೇಲೆ ನೀವು ಹೋಗಿ. ಅಮ್ಮನಿಗೆ ಸೀರೆ ಇದ್ದರೆ ಯಾರೂ ಏನೂ ಕೇಳಲ್ಲ. ನಿಮಗೆ ಚಡ್ಡಿ ನಡೆಯಲ್ಲ, ಭುಜ ಮಂಡಿ ಮುಚ್ಚಿರಬೇಕು.

ಬಂತೇ ಸ್ರೈ ಅಂತ ಒಂದು ಚಿಕ್ಕ ಗುಡಿ ಇದೆ, 967ರದ್ದು, ಕೆಂಪು ಕಲ್ಲು. ಸ್ವಲ್ಪ ದೂರ, ಆದರೆ ನೆಲ ಮಟ್ಟದ್ದು. ಹೊಯ್ಸಳ ಕೆತ್ತನೆ ನೋಡಿ ಬೆಳೆದವರಿಗೆ ಅದು ತುಂಬಾ ಇಷ್ಟ ಆಗುತ್ತೆ.

ಯಾದವಗಿರಿ_ಅತ್ತೆ

ಏರ್‌ಪೋರ್ಟಿಗೆ ಕಾರು ಬೇಡ, ಫ್ಲೈಬಸ್ ಹತ್ತಿಸಿ. ಮೈಸೂರಲ್ಲಿ ಹತ್ತಿ ನಿದ್ದೆ ಮಾಡಿದರೆ ನೇರ ಅಲ್ಲೇ ಎಚ್ಚರ.

ಏಳನೇ_ಮೇನ್

ಟಿಕೆಟ್ ಆಯ್ತು! ಜನವರಿ, ಸಿಂಗಾಪುರದ ಮೇಲೆ, ಬದಲಾಯಿಸಬಹುದಾದ ಟಿಕೆಟ್. ಅಕ್ಕನೂ ಬರ್ತಾಳೆ. ಕಾಂಬೋಡಿಯಾ ಒಂದೇ. ಪೂರ್ವದ ಬಾಗಿಲು ಅಂತ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇವೆ.

ಅಮ್ಮ ಪುಳಿಯೋಗರೆ ಅವರಿಗೆ ಒಂದು ಮಾತು ಹೇಳಿ ಅಂದರು: "ಹನುಮಂತ ಚಿರಂಜೀವಿ. ಮುಂದಕ್ಕೆ ಹೋಗೋನು ಹಿಂದಕ್ಕೂ ಹೋಗಿರಬಹುದು."

ಮೇಲುಕೋಟೆ_ಪುಳಿಯೋಗರೆ

ಅಮ್ಮನ ಹತ್ತಿರ ನಾನು ವಾದ ಮಾಡಲ್ಲ.

ಏಳನೇ_ಮೇನ್

ಇನ್ನೊಂದೇ ಪ್ರಶ್ನೆ. ಮೂರು ದಿನ ಸುತ್ತಿಸುವ ಟುಕ್‌ಟುಕ್ ಹುಡುಗನಿಗೆ ಬರಿಗೈಲಿ ಹೋಗಬಾರದಂತೆ, ಮೈಸೂರ್ ಪಾಕ್ ಕೊಡಬೇಕಂತೆ. ಅಷ್ಟು ದಿನ ಕೆಡುತ್ತಾ?

ಮದ್ದೂರ್_ವಡೆ

ಬೆಣ್ಣೆ ಥರ ಇರೋ ಮೆತ್ತನೆಯದು ಬೇಡ, ದಾರಿಯಲ್ಲೇ ಅಪ್ಪಚ್ಚಿ. ಗೂಡುಗೂಡಾಗಿರೋ ಗಟ್ಟಿಯದು ತಗೊಳ್ಳಿ, ಹದಿನೈದು ದಿನ ಏನೂ ಆಗಲ್ಲ. ಮದ್ದೂರು ವಡೆನೂ ಎರಡು ಕಟ್ಟಿಕೊಳ್ಳಿ.

ನಂಜನಗೂಡು_ರಸಬಾಳೆ

ವಡೆ ಸಿಂಗಾಪುರ ತಲುಪಲ್ಲ. ಬಿಡದಿ ದಾಟೋದರೊಳಗೆ ಖಾಲಿ.